ಅಜ್ಜಿ ಮಾಡಿಟ್ಟ ಸುತ್ತುದಾರಿ

ನಮ್ಮ ಲಾರ್ಕಿನ್ ಊರಿನಲ್ಲಿ ಮೇಯರ್ ಇದ್ದಾರೆ, ಶೆರೀಫ್ ಇದ್ದಾರೆ, ಒಂದು ಅಂಚೆ ಕಚೇರಿಯೂ ಇದೆ. ಆದರೆ ಊರು ನಡೆಯುವುದು ನಾನು ಕೆಲಸ ಮಾಡುವ ಕೆಫೆಯ ಕಿಟಕಿ ಪಕ್ಕದ ದುಂಡುಮೇಜಿನಿಂದ. ಆ ಮೇಜಿಗೆ ಮೂರೇ ಕುರ್ಚಿ. ನಾಲ್ಕನೆಯದು ಹಾಕಿದರೆ ಅಡುಗೆಮನೆಯ ಬಾಗಿಲು ಪೂರ್ತಿ ತೆರೆಯುವುದಿಲ್ಲ.

ಆ ಮೂರು ಕುರ್ಚಿ ಕುದುರೆ ಹಾದಿ ಸಂಘದವರ ಸೊತ್ತು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಕುದುರೆ, ಹೇಸರಗತ್ತೆಗಳ ಜೊತೆ ಬೆಟ್ಟ ಹತ್ತಿ ಅಲ್ಲೇ ಮಲಗಿ ಬರುವುದು ಸಂಘದ ಕೆಲಸ. ಮಿಕ್ಕ ದಿನಗಳಲ್ಲಿ ಅದರ ಬಗ್ಗೆ ಮಾತಾಡುವುದು. ಒಂದು ಕಾಲಕ್ಕೆ ಸಂಘದಲ್ಲಿ ಬಹಳ ಜನ ಇದ್ದರಂತೆ. ಕೆಲವರು ತೀರಿಕೊಂಡರು, ಕೆಲವರು ಮಂಡಿ ಬದಲಿಸಿಕೊಂಡರು. ಉಳಿದವರು ಮೂವರು. ಅಧ್ಯಕ್ಷೆ ಹೆಲ್ಗಾ ಟ್ವೆಟ್, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಈಗಲೂ ಅವಳು "ಕೂತ್ಕೊಳ್ಳಿ!" ಅಂದರೆ ಊರಿನ ಅರ್ಧ ಜನ ನಿಂತಲ್ಲೇ ಕೂರುತ್ತಾರೆ. ಹೇಸರಗತ್ತೆ ಸಾಕುವ ಓರಿನ್ ಪೀಬಡಿ, ಅರ್ಧ ಮಾತು ಕೇಳಿಸಿಕೊಂಡು ಪೂರ್ತಿ ಉತ್ತರ ಕೊಡುವವನು. ಮೂರನೆಯವನು ನನ್ನ ಸೋದರಮಾವ ಎಲ್ಡನ್, ನಾನಿರುವುದೂ ಅವನ ಮನೆಯಲ್ಲೇ.

ಮಾವ ದನಕುದುರೆಗಳ ಮೇವಿನಂಗಡಿಯಲ್ಲಿ ಕೆಲಸಕ್ಕಿದ್ದ. ಬೆಟ್ಟದ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಯಾವ ಕಣಿವೆಯ ನೀರು ಸಿಹಿ, ಯಾವ ತಿರುವಿನಲ್ಲಿ ಕರಡಿ ಎಡಗಡೆಯಿಂದ ಬರುತ್ತದೆ, ಯಾವ ದಿಬ್ಬದ ಮೇಲೆ ಕುದುರೆ ಸುಮ್ಮಸುಮ್ಮನೆ ಅಳುತ್ತದೆ, ಎಲ್ಲವನ್ನೂ ಕೂತಲ್ಲೇ ಹೇಳುತ್ತಿದ್ದ. ಕೂತಲ್ಲೇ ಹೇಳುತ್ತಿದ್ದ ಅನ್ನುವುದೇ ತೊಂದರೆ. ಅವನು ಒಂದು ಸಲವೂ ಸಂಘದ ಜೊತೆ ಹೋದವನಲ್ಲ. ಪ್ರತಿ ಬೇಸಿಗೆಯಲ್ಲೂ ಹೊರಡುವ ಹಿಂದಿನ ದಿನ ಅವನ ಸೊಂಟ ಹಿಡಿಯುತ್ತಿತ್ತು, ಇಲ್ಲವೇ ಒರೆಗಾನ್‌ನಲ್ಲಿರುವ ಚಿಕ್ಕಮ್ಮ ತೀರಿಕೊಳ್ಳುತ್ತಿದ್ದಳು. ಆ ಒಬ್ಬಳೇ ಚಿಕ್ಕಮ್ಮನನ್ನು ಮೂರು ಬಾರಿ ಮಣ್ಣು ಮಾಡಿ ಬಂದಿದ್ದ.

ನಿಜವಾದ ಕಾರಣ ಮೇಬಲ್. ಮೇಬಲ್ ಮಾವನ ಬಿಳಿ ಹೆಣ್ಣು ಕುದುರೆ. ಒಳ್ಳೆಯ ಜೀವ, ಮಕ್ಕಳನ್ನೂ ಕೂರಿಸಿಕೊಳ್ಳುತ್ತದೆ. ಆದರೆ ಬೆಟ್ಟದ ಬುಡದವರೆಗೆ ಕುದುರೆಗಳನ್ನು ಗಾಡಿಯ ಹಿಂದೆ ಕಟ್ಟಿದ ಟ್ರೇಲರಿನಲ್ಲಿ ಒಯ್ಯಬೇಕು, ಮೇಬಲನ್ನು ಹಿಂದೊಮ್ಮೆ ಅದರಲ್ಲಿ ಹತ್ತಿಸಿಕೊಂಡು ಹೋಗಿ ಹಲ್ಲು ಕೀಳಿಸಿದ್ದರು. ಅಂದಿನಿಂದ ಟ್ರೇಲರ್ ಕಂಡರೆ ನಾಯಿಯ ಹಾಗೆ ಕುಂಡೆ ಊರಿ ಕೂತುಬಿಡುತ್ತದೆ. ಓಟ್ಸ್ ತೋರಿಸಿದರು, ಸೇಬು ತೋರಿಸಿದರು, ಹಿಂದಿನಿಂದ ಪೊರಕೆ ತೋರಿಸಿದರು. ಕೊನೆಗೆ ಮಾವನೇ ಒಳಗೆ ಹೋಗಿ ಮೇವು ತಿಂದ ಹಾಗೆ ನಟಿಸಿ ತೋರಿಸಿದ. ಮೇಬಲ್ ಅವನನ್ನು ಮರುಕದಿಂದ ನೋಡಿತು.

"ಕುದುರೆಗೆ ಯಾಕೆ ಬೈತೀಯಾ?" ಅಂದಳು ವರ್ನಾ ಅತ್ತೆ. "ಮದುವೆಯಾದಾಗಿಂದ ನಿನ್ನನ್ನೇ ನಾನು ಎಲ್ಲಿಗೂ ಹೊರಡಿಸೋಕಾಗಿಲ್ಲ."

ಹೀಗೇ ಸಾಗುತ್ತಿತ್ತು. ಆದರೆ ಊರಿಗೆ ಕಾರ್ವರ್ ಅನ್ನುವ ಹೊಸ ಹಲ್ಲಿನ ಡಾಕ್ಟರು ಬಂದರು. ಎತ್ತರದ ಕುದುರೆ ಕೊಂಡರು, ಎತ್ತರದ ಬೂಟು ಕೊಂಡರು, ದಾರಿ ತೋರಿಸುವ ಯಂತ್ರ ಕೊಂಡರು, ಸಂಘಕ್ಕೆ ಸೇರಿದರು. ಕೂರಲು ಮಾತ್ರ ಕುರ್ಚಿ ಇಲ್ಲ. ದಿನವೂ ಕೌಂಟರಿನ ತಿರುಗುವ ಸ್ಟೂಲಿನ ಮೇಲೆ ಕೂತು ದುಂಡುಮೇಜಿನ ಕಡೆಗೆ ತಿರುಗುತ್ತಿದ್ದರು.

ಜುಲೈ ತಿಂಗಳ ಒಂದು ಬೆಳಿಗ್ಗೆ ಹೆಲ್ಗಾ ಚಮಚದಿಂದ ಲೋಟ ಬಡಿದಳು.

"ನೋಡು ಎಲ್ಡನ್. ಸಂಘದ ನಿಯಮ ಏನು? ಒಂದು ರಾತ್ರಿ, ಬರೀ ನೆಲದ ಮೇಲೆ, ಕುದುರೆ ಪಕ್ಕದಲ್ಲಿ ಮಲಗಬೇಕು. ಹಾಸಿಗೇಲಿ ಮಲಗೋನು ಸವಾರ ಅಲ್ಲ, ಪ್ರವಾಸಿ. ಈ ಸಲ ನೀನು ಬರ್ತೀಯ. ಬರ್ಲಿಲ್ಲ ಅಂದ್ರೆ ನಿನ್ನ ಕುರ್ಚಿ ಡಾಕ್ಟ್ರಿಗೆ."

ಡಾಕ್ಟರ ಸ್ಟೂಲು ಕಿರ್ರೆಂದಿತು.

"ಅಯ್ಯೋ, ಬರದೆ ಏನು?" ಅಂದ ಮಾವ. ಅವನ ಕಿವಿ ಕೆಂಪಾಗಿದ್ದು ಕಾಫಿ ಹಾಕುತ್ತಿದ್ದ ನನಗೆ ಮಾತ್ರ ಕಂಡಿತು. "ಆದ್ರೆ ಜಾಗ ಸರಿಯಾಗಿ ಆರಿಸ್ಬೇಕು."

"ನೀನೇ ಆರಿಸು ಮಾರಾಯ. ಎಲ್ಲಾ ಕಡೆ ಹೋಗಿಬಂದೋನು ನೀನೇ ತಾನೆ!" ಅಂದಳು ಹೆಲ್ಗಾ.

ಮಾವ ಕಿಟಕಿಯಾಚೆ ನೋಡಿದ. ಒಂದು ಉಪಾಯ ಹೊಳೆದಿರಬೇಕು. ಎಂಥ ಭಯಂಕರ ಜಾಗ ಹೇಳಬೇಕೆಂದರೆ, ಇವರೇ ಬೇಡ ಅನ್ನಬೇಕು.

"ಗ್ರಿಮ್ಸ್ ಕಣಿವೆಗೆ ಹೋಗೋಣ. ಆದ್ರೆ ಅಲ್ಲಿ ಕರಡಿ ಜಾಸ್ತಿ. ಹೋದ ವರ್ಷ ಒಬ್ಬನ್ನ ಜೀನು ಸಮೇತ ತಿಂದುಬಿಡ್ತು."

"ಭಲೇ!" ಅಂದ ಓರಿನ್. "ಕರಡಿ ತೆಗೆಯೋಕಾಗದ ಊಟದ ಪೆಟ್ಟಿಗೆ ತಂದಿದೀನಿ ನಾನು. ತೆಗೆಯುತ್ತೋ ಇಲ್ವೋ ನೋಡ್ಬೇಕು."

"ಹಾಗಾದ್ರೆ ಬೋಳುಗುಡ್ಡ. ಒಂದು ತೊಟ್ಟು ನೀರಿಲ್ಲ."

"ನೀರಿಲ್ಲ ಅಂದ್ರೆ ಸೊಳ್ಳೆನೂ ಇಲ್ಲ!" ಹೆಲ್ಗಾ ಕೈ ತಟ್ಟಿದಳು.

"ಗರಗಸದ ದಿಣ್ಣೆ? ದಾರಿ ಇಷ್ಟೇ ಅಗಲ." ಮಾವ ಬೆಣ್ಣೆ ಚಾಕು ಎತ್ತಿ ತೋರಿಸಿದ. "ಈ ಕಡೆ ಪ್ರಪಾತ, ಆ ಕಡೆ ಅದಕ್ಕಿಂತ ದೊಡ್ಡ ಪ್ರಪಾತ."

"ನನಗೆ ಎಪ್ಪತ್ತೊಂದಾಯ್ತು ಎಲ್ಡನ್," ಅಂದಳು ಹೆಲ್ಗಾ, ಕಣ್ಣು ಮಿನುಗಿಸುತ್ತ. "ಬಸ್ಸು ಬಿಟ್ಟಮೇಲೆ ಹೆದರಿಕೆ ಅನ್ನೋದೇ ಆಗಿಲ್ಲ. ಅಲ್ಲಿಗೇ ಹೋಗೋಣ!"

ಡಾಕ್ಟರು ಸ್ಟೂಲಿನ ಮೇಲೆ ಒಂದು ಪೂರ್ತಿ ಸುತ್ತು ತಿರುಗಿದರು. ಮಾವನಿಗೆ ಹೇಳಲು ಬೆಟ್ಟಗಳು ಮುಗಿದವು. ದಿಕ್ಕೆಟ್ಟು ಗೋಡೆ ಕಡೆ ನೋಡಿದ. ಅಲ್ಲಿ ಆ ದಿನದ ಹಣ್ಣಿನ ಪೈ ತಿಂಡಿ ಯಾವುದೆಂದು ನಾನು ಬೆಳಿಗ್ಗೆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ.

"ಹಕಲ್‌ಬೆರಿ..." ಅಂದ ಮಾವ. "ಹಕಲ್‌ಬೆರಿ ಬಟ್ಟಲು."

ಓರಿನ್‌ನ ಚಮಚ ಕೆಳಗೆ ಬಿತ್ತು. ದೂರದ ಮೇಜಿನಲ್ಲಿ ಯಾರೋ ಟೋಪಿ ತೆಗೆದರು.

ನಮ್ಮ ಮೊಂಟಾನಾದಲ್ಲಿ ಒಬ್ಬನ ಸಂಬಳ ಕೇಳಬಹುದು, ಹೆಂಡತಿ ಯಾಕೆ ಬಿಟ್ಟುಹೋದಳು ಅಂತಲೂ ಕೇಳಬಹುದು. ಹಕಲ್‌ಬೆರಿ ಹಣ್ಣು ಎಲ್ಲಿ ಕಿತ್ತೆ ಅಂತ ಮಾತ್ರ ಕೇಳುವಂತಿಲ್ಲ. ತೋಟದಲ್ಲಿ ಬೆಳೆಯದ, ಬೆಟ್ಟದಲ್ಲಿ ಮಾತ್ರ ಸಿಗುವ ಆ ನೇರಳೆ ಬಣ್ಣದ ಪುಟ್ಟ ಹಣ್ಣಿನ ಜಾಗವನ್ನು ಪ್ರತಿ ಮನೆಯೂ ಗುಟ್ಟಾಗಿ ಇಟ್ಟುಕೊಂಡಿರುತ್ತದೆ. ಅಣ್ಣ ತಮ್ಮನಿಗೆ ಹೇಳುವುದಿಲ್ಲ.

"ನಿಮ್ಮಮ್ಮನ ಹಣ್ಣಿನ ಜಾಗ?" ಹೆಲ್ಗಾಳ ಧ್ವನಿ ಪಿಸುಮಾತಿಗೆ ಇಳಿದಿತ್ತು. "ಎಲ್ಡನ್, ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?"

ಮಾವ ಅಲ್ಲ ಅನ್ನಲು ಹೊರಟ. ತಡವಾಗಿತ್ತು. ಹೆಲ್ಗಾ ಆಗಲೇ ಬಲಗೈ ಎತ್ತಿದ್ದಳು. "ಸಾಯೋತನಕ ಯಾರಿಗೂ ಹೇಳಲ್ಲ." ಓರಿನ್ ಕೈ ಎತ್ತಿದ. ಡಾಕ್ಟರು ಎರಡೂ ಕೈ ಎತ್ತಿದರು.

ಮನೆಯಲ್ಲಿ ಸುದ್ದಿ ಕೇಳಿ ವರ್ನಾ ಅತ್ತೆ ಬಾಣಲೆ ಕೆಳಗಿಟ್ಟಳು. ಅವಳು ಕೈಯಲ್ಲಿದ್ದುದನ್ನು ಕೆಳಗಿಟ್ಟಳೆಂದರೆ ಅಪಾಯ.

"ನಿಮ್ಮಮ್ಮ ಸಾಯೋವಾಗ ಪಾದ್ರಿಗೆ ಎಲ್ಲಾ ಪಾಪನೂ ಹೇಳಿದ್ರು. ಹಣ್ಣಿನ ಜಾಗ ಮಾತ್ರ ಹೇಳ್ಲಿಲ್ಲ. ನೀನು ಒಂದು ಲೋಟ ಕಾಫಿಗೆ ಹೇಳಿಬಂದ್ಯಾ?"

"ಹೇಳಿಲ್ಲ ಕಣೇ. ಹೆಸರು ಮಾತ್ರ..." ಅಷ್ಟರಲ್ಲಿ ಮಾವನ ಮುಖ ನಿಧಾನವಾಗಿ ಅರಳಿತು. "ವರ್ನಾ! ಅಲ್ಲಿಗೆ ಮೇಬಲ್ ನಡ್ಕೊಂಡೇ ಬರುತ್ತೆ!"

ಬರದೆ ಏನು? ಬಟ್ಟಲಿನಂತೆ ತಗ್ಗಾದ ಆ ಹಕಲ್‌ಬೆರಿ ಬಟ್ಟಲು ಇರುವುದು ನಮ್ಮ ಹಿತ್ತಲಿನ ಗುಡ್ಡದ ಹಿಂದೆ. ಹಿತ್ತಲ ಗೇಟು ತೆಗೆದು ಪೈನ್ ಮರಗಳ ನಡುವೆ ಹತ್ತಿ ಇಳಿದರೆ, ಒಲೆಯ ಮೇಲಿಟ್ಟ ಕಾಫಿ ಕುದಿಯುವಷ್ಟರಲ್ಲಿ ಸಿಗುತ್ತದೆ. ಆದರೆ ಇನ್ನೊಂದು ದಾರಿಯೂ ಉಂಟು. ಅದು ಮಾವನ ಅಮ್ಮ, ಅಂದರೆ ನನ್ನ ಅಜ್ಜಿ, ಮಾಡಿಟ್ಟದ್ದು. ಹಣ್ಣಿನ ಕಾಲದಲ್ಲಿ ಅಜ್ಜಿ ಬಕೆಟ್ಟು ಹಿಡಿದು ಊರೆಲ್ಲ ನೋಡುವಂತೆ ಗಾಡಿ ಹತ್ತುತ್ತಿದ್ದಳು. ಹಿಂದೆ ನಾಲ್ಕಾರು ಗಾಡಿ ಗುಟ್ಟಾಗಿ ಹೊರಡುತ್ತಿದ್ದವು. ಹೆದ್ದಾರಿ ಹಿಡಿದು ಇಡೀ ಬೆಟ್ಟಸಾಲನ್ನು ಸುತ್ತಿ, ಎರಡು ಹೊಳೆ ದಾಟಿ, ಕಲ್ಲುರಸ್ತೆಯಲ್ಲಿ ಕುಲುಕಿ, ಅಲ್ಲಿಂದ ಮುಂದೆ ಕಾಡುಹಾದಿ. ಆ ದಾರಿ ಸುಳ್ಳಲ್ಲ, ಕೊನೆಗೆ ಬಟ್ಟಲಿಗೇ ಬರುತ್ತದೆ. ಆದರೆ ಅಷ್ಟರೊಳಗೆ ಬಂದವನಿಗೆ ತಾನು ಯಾತಕ್ಕೆ ಹೊರಟೆ ಅನ್ನುವುದೇ ಮರೆತಿರುತ್ತದೆ. ಹಿಂಬಾಲಿಸಿದವರೆಲ್ಲ ನಡುವೆಯೇ ಸೋತು ಮರಳಿದ ಮೇಲೆ ಅಜ್ಜಿ ಮನೆಗೆ ಬಂದು ಹಿತ್ತಲ ಗೇಟಿನಿಂದ ಹೋಗಿ ಹಣ್ಣು ಕಿತ್ತು ತರುತ್ತಿದ್ದಳು.

"ಅವರಿಗೆ ಗುರುತು ಸಿಗಲ್ವಾ, ದಿನಾ ನೋಡೋ ಗುಡ್ಡ?" ಅಂದಳು ಅತ್ತೆ.

"ಮುಂದಿನಿಂದ ನೋಡಿರೋದು. ಕ್ಷೌರದಂಗಡೀಲಿ ಹಿಂದೆ ಕನ್ನಡಿ ಹಿಡಿದ್ರೆ ನನಗೆ ನನ್ನ ತಲೆನೇ ಗುರುತು ಸಿಗಲ್ಲ!"

ಹೊರಡುವ ದಿನ ಬಂತು. ಮಾವ ಎರಡು ದಿನ ಮೊದಲೇ ಹೋಗಿ ಬಿಡಾರಕ್ಕೆ ಜಾಗ ನೋಡಿರುತ್ತಾನೆಂದು ಎಲ್ಲರಿಗೂ ಹೇಳಿ, ಅಜ್ಜಿಯ ಸುತ್ತುದಾರಿಯ ನಕ್ಷೆಯನ್ನು ಹೆಲ್ಗಾಳಿಗೆ ಬರೆದುಕೊಟ್ಟಾಗಿತ್ತು. ಆ ಎರಡು ದಿನ ಅವನು ಮಂಚದ ಕೆಳಗೆ, ಕಿಟಕಿಯ ಪರದೆ ಎಳೆದುಕೊಂಡು ಕಳೆದ. ನಾನು ಅಡುಗೆಯವಳಾಗಿ ಹೆಲ್ಗಾಳ ಗಾಡಿ ಹತ್ತುವಾಗ ಮಾವ ಮನೆಯಲ್ಲಿ ಪ್ಯಾನ್‌ಕೇಕ್ ತಿನ್ನುತ್ತಿದ್ದ. ಬಾಯಿ ಬಿಡದಿರುವುದು ನನಗೆ ಕಷ್ಟವಲ್ಲ. ಹೆಲ್ಗಾಳ ಪಕ್ಕದಲ್ಲಿ ಕೂತವರಿಗೆ ಬಾಯಿ ಬಿಡುವ ಅವಕಾಶವೇ ಇರುವುದಿಲ್ಲ.

ಅಜ್ಜಿಯ ದಾರಿ ತನ್ನ ಕೆಲಸ ಮಾಡಿತು. ಟ್ರೇಲರ್‌ಗಳು ಕುಲುಕಿ ಕುಲುಕಿ, ದಾರಿ ಮುಗಿಯುವಷ್ಟರಲ್ಲಿ ಹೇಸರಗತ್ತೆಗಳೂ ನಿಟ್ಟುಸಿರು ಬಿಟ್ಟವು. ಅಲ್ಲಿಂದ ಸವಾರಿ. ಮಧ್ಯಾಹ್ನ ದಾಟಿ ಬಿಸಿಲು ಬಾಗಿದಾಗ ಮರಗಳ ನಡುವೆ ಹಸಿರು ಬಟ್ಟಲು ಕಂಡಿತು. ಪೊದೆಗಳಲ್ಲಿ ಹಣ್ಣು ಕಪ್ಪಗೆ ತುಂಬಿತ್ತು. ನಡುವೆ ಮಾವ ಮೇಬಲ್ ಮೇಲೆ ಕೂತು, ಹಣೆಗೆ ಕೈ ಅಡ್ಡ ಹಿಡಿದು, ದಿಗಂತ ನೋಡುತ್ತಿದ್ದ.

"ಎಲ್ಡನ್! ಎರಡು ದಿನ ಒಬ್ಬನೇ ಇದ್ಯಾ? ಗಡ್ಡ ಕೂಡ ಬಂದಿಲ್ಲ!" ಅಂದಳು ಹೆಲ್ಗಾ.

"ಇಲ್ಲಿ ಗಾಳಿ ತೆಳು," ಅಂದ ಮಾವ. "ಕೂದ್ಲು ಬೆಳೆಯಲ್ಲ."

ಓರಿನ್ ಯಾರನ್ನೂ ನೋಡಲಿಲ್ಲ. ಮೇಬಲನ್ನೇ ನೋಡುತ್ತಿದ್ದ. ಹೇಸರಗತ್ತೆಗಳದ್ದು ಒಂದು ವಿಚಿತ್ರ: ಹೆಣ್ಣು ಕುದುರೆ ಕಂಡರೆ, ಅದರಲ್ಲೂ ಬಿಳಿ ಬಣ್ಣದ್ದಾದರೆ, ಅವಕ್ಕೆ ಜೀವ. ಅದರ ಕೊರಳಿಗೊಂದು ಗಂಟೆ ಕಟ್ಟಿಬಿಟ್ಟರೆ ಸಾಕು, ಅವನ್ನು ಕಟ್ಟುವುದೇ ಬೇಡ, ಗಂಟೆ ಇದ್ದಲ್ಲಿ ಅವು ಇರುತ್ತವೆ. ಓರಿನ್‌ನ ಗಂಟೆ ಕುದುರೆ ಚಳಿಗಾಲದಲ್ಲಿ ಸತ್ತಿತ್ತು. ಅವನು ಹಳೆಯ ಗಂಟೆಯನ್ನು ಕಣ್ಣೀರು ಒರೆಸಿಕೊಂಡು ಮೇಬಲ್ ಕೊರಳಿಗೆ ಕಟ್ಟಿದ. ಎಲ್ಲಾ ಹೇಸರಗತ್ತೆಗಳೂ ಅದರ ಸುತ್ತ ನಿಂತು ಮದುಮಗಳನ್ನು ನೋಡುವಂತೆ ನೋಡಿದವು.

"ನೋಡಿದ್ಯಾ? ಇನ್ನು ಇವನ್ನ ಕಟ್ಟೋದೇ ಬೇಡ!" ಅಂದ ಓರಿನ್. ಡಾಕ್ಟರು ತಮ್ಮ ಕುದುರೆಯನ್ನೂ ಬಿಟ್ಟರು. ಆಮೇಲೆ ಯಂತ್ರ ತೆಗೆದು ನೋಡಿ ಹುಬ್ಬು ಗಂಟಿಕ್ಕಿದರು.

"ಇದು ಲಾರ್ಕಿನ್ ಊರು ಎರಡು ಮೈಲಿ ಅಂತಿದೆಯಲ್ಲ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಓರಿನ್ ಹುಲ್ಲಿನ ಮೇಲೆ ಹೊರಳಾಡಿದ. ಹೆಲ್ಗಾ ಅವರ ಬೆನ್ನು ತಟ್ಟಿ, "ಬೆಳಿಗ್ಗೆಯಿಂದ ಕೂತು ಕೂತು ನನ್ನ ಕುಂಡೆ ಹೇಳ್ತಿದೆ ಡಾಕ್ಟ್ರೇ, ಎಷ್ಟು ದೂರ ಅಂತ," ಅಂದಳು.

"ಇಲ್ಲಿ ಬಂಡೇಲಿ ಕಬ್ಬಿಣ ಜಾಸ್ತಿ," ಅಂದ ಮಾವ. "ಯಂತ್ರಕ್ಕೆ ತಲೆ ಕೆಡುತ್ತೆ."

ಡಾಕ್ಟರು ನಾಚಿಕೊಂಡು ಯಂತ್ರವನ್ನು ಚೀಲದ ತಳಕ್ಕೆ ತುರುಕಿದರು.

ಸಂಜೆ ನಾನು ಬೇಳೆಕಾಳು ಬೇಯಿಸುತ್ತಿದ್ದಾಗ ಗುಡ್ಡದಾಚೆಯಿಂದ ಊಊಊ ಎಂದು ಕೂಗು ಬಂತು. ನಮ್ಮೂರ ಬೆಂಕಿ ನಂದಿಸುವ ಠಾಣೆಯವರು ದಿನವೂ ಆರು ಗಂಟೆಗೆ ಹಾಕುವ ಸೈರನ್ ಅದು.

"ಎಲ್ಕ್," ಅಂದ ಮಾವ ತಕ್ಷಣ. "ಗಂಡು ಎಲ್ಕ್ ಜಿಂಕೆ."

"ನಮ್ಮೂರ ಸೈರನ್ ಥರಾನೇ ಇದೆಯಲ್ಲೋ?" ಅಂದ ಓರಿನ್.

"ಸೈರನ್ ಮಾಡಿದೋನು ಎಲ್ಕ್ ಕೂಗು ಕೇಳಿಯೇ ಮಾಡಿರೋದು."

ಹೆಲ್ಗಾ ಗಡಿಯಾರ ನೋಡಿಕೊಂಡಳು. "ಸರಿಯಾಗಿ ಆರು ಗಂಟೆಗೆ ಕೂಗ್ತು!"

"ಪ್ರಾಣಿಗಳಿಗೆ ಸಮಯ ಗೊತ್ತು ಹೆಲ್ಗಾ. ಮನುಷ್ಯರಿಗೇ ಗೊತ್ತಾಗಲ್ಲ."

ಈ ಮಾತಿಗೆ ಎಲ್ಲರೂ ತಲೆದೂಗುತ್ತಿರುವಾಗ ಪೊದೆ ಅಲುಗಾಡಿತು. ಓರಿನ್ ತನ್ನ ಕರಡಿ ಪೆಟ್ಟಿಗೆಯ ಹಿಂದೆ ಅವಿತ. ಹೊರಬಂದದ್ದು ನಮ್ಮ ನಾಯಿ ಟಕರ್. ಬಾಲ ಅಲ್ಲಾಡಿಸುತ್ತ ಬಂದು, ಬಾಯಲ್ಲಿದ್ದ ವರ್ನಾ ಅತ್ತೆಯ ಮನೆಚಪ್ಪಲಿಯನ್ನು ಮಾವನ ಪಾದದ ಬಳಿ ಇಟ್ಟಿತು.

"ಎಲ್ಡನ್, ಇದು ನಿನ್ನ ನಾಯಿ ಅಲ್ವಾ?" ಅಂದಳು ಹೆಲ್ಗಾ.

"ಅದೇ ಜಾತಿ. ಕಾಡುನಾಯಿ."

"ಕಾಡುನಾಯಿ ಬಾಯಲ್ಲಿ ಚಪ್ಪಲಿ?"

ಮಾವ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಬಹಳ ಗಂಭೀರವಾಗಿ ಹೇಳಿದ: "ಯಾರನ್ನೋ ತಿಂದಿದೆ, ಪಾಪ."

ಡಾಕ್ಟರು ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಆಮೇಲೆ ಎಲ್ಲರೂ ತಮ್ಮತಮ್ಮ ಗುಡಾರಗಳನ್ನು ಹತ್ತಿರ ಹತ್ತಿರ ಸರಿಸಿಕೊಂಡರು. ಮಾವ ಮಾತ್ರ, ತಾನು ಹಳೆಯ ಸವಾರ, ಗುಡಾರ ಬೇಡ ಎಂದು ದೂರದ ಮರದ ಕೆಳಗೆ ಕಂಬಳಿ ಹಾಸಿದ.

ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಓರಿನ್ ಬೊಬ್ಬೆ ಹೊಡೆಯುತ್ತಿದ್ದ. ಹೇಸರಗತ್ತೆ ಒಂದೂ ಇಲ್ಲ. ಡಾಕ್ಟರ ಎತ್ತರದ ಕುದುರೆ ಇಲ್ಲ. ಮೇಬಲ್ ಇಲ್ಲ. ಮರದ ಕೆಳಗೆ ಮಾವನೂ ಇಲ್ಲ, ಕಂಬಳಿ ಮಾತ್ರ ಇತ್ತು.

"ಎಳ್ಕೊಂಡು ಹೋಗಿದೆ!" ಅಂದರು ಡಾಕ್ಟರು. "ಆ ನಾಯಿ!"

ಅಷ್ಟರಲ್ಲಿ ದೂರದಲ್ಲಿ ಗುಡ್ಡದಾಚೆ ಟಣ್ ಟಣ್ ಎಂದು ಗಂಟೆ ಕೇಳಿತು. ಎಲ್ಲರೂ ಹೇಗಿದ್ದರೋ ಹಾಗೇ ಓಡಿದರು. ಹೆಲ್ಗಾ ಉದ್ದ ಒಳಚಡ್ಡಿಯಲ್ಲಿ, ಓರಿನ್ ಒಂದೇ ಬೂಟಿನಲ್ಲಿ, ಡಾಕ್ಟರು ನಿದ್ದೆಚೀಲವನ್ನು ಸೊಂಟಕ್ಕೆ ಸುತ್ತಿಕೊಂಡು. ಲದ್ದಿಯ ಗುರುತು ಹಿಡಿದು ಗುಡ್ಡ ಹತ್ತಿ ಇಳಿದರು. ಹಿಂದೆ ನಾನು, ನಗು ತಡೆಯಲು ತುಟಿ ಕಚ್ಚಿಕೊಂಡು. ಪೈನ್ ಮರಗಳು ಮುಗಿದಲ್ಲಿ ಒಂದು ಬೇಲಿ, ಬಟ್ಟೆ ಒಣಗಿಸುವ ಹಗ್ಗ, ಒಂದು ಮನೆಯ ಹಿಂಭಾಗ.

"ಇಷ್ಟು ದೂರದ ಕಾಡಲ್ಲೂ ಜನ ವಾಸ ಮಾಡ್ತಾರಲ್ಲ!" ಡಾಕ್ಟರು ಏದುಸಿರು ಬಿಟ್ಟರು. "ಪಾಪ, ಇವರು ಹಲ್ಲಿನ ಡಾಕ್ಟರನ್ನೇ ನೋಡಿರಲ್ಲ."

ಬಾಗಿಲು ತೆರೆಯಿತು. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಬಾಣಲೆ ಹಿಡಿದು ವರ್ನಾ ಅತ್ತೆ ಹೊರಬಂದಳು.

"ವರ್ನಾ!" ಹೆಲ್ಗಾ ಕಿರುಚಿದಳು. "ನೀನು ಬದುಕಿದೀಯಾ? ಇಲ್ಲಿಗೆ ಯಾವಾಗ ಬಂದೆ?"

"ಮದುವೆಯಾದಾಗ," ಅಂದಳು ಅತ್ತೆ. "ನಿಮ್ಮ ಹೇಸರಗತ್ತೆಗಳು ನನ್ನ ಲೆಟಿಸ್ ಸೊಪ್ಪೆಲ್ಲಾ ತಿಂದುಬಿಟ್ವು. ಯಾರದು ಒಳಚಡ್ಡೀಲಿ? ಹೆಲ್ಗಾನಾ?"

ಹೆಲ್ಗಾ ಮನೆಯನ್ನು ನೋಡಿದಳು, ಗುಡ್ಡವನ್ನು ನೋಡಿದಳು, ಮನೆಯ ಪಕ್ಕದಿಂದ ಕಾಣುವ ನಮ್ಮೂರಿನ ನೀರಿನ ಟ್ಯಾಂಕನ್ನು ನೋಡಿದಳು. ಡಾಕ್ಟರು ನಿದ್ದೆಚೀಲ ಬಿಟ್ಟು ಎರಡೂ ಕೈ ಮೇಲೆತ್ತಿ ಕುಣಿದರು. "ಎರಡು ಮೈಲಿ! ನಾನು ಹೇಳಿದ್ನಲ್ಲ! ಎರಡು ಮೈಲಿ!"

ಮಾವ ನೀರಿನ ತೊಟ್ಟಿಯ ಪಕ್ಕ ಓಟ್ಸ್ ಚೀಲದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲಿ ಮೇಬಲ್. ಸುತ್ತಲೂ ಹೇಸರಗತ್ತೆಗಳು. ಒಂದು ಅವನ ಟೋಪಿಯನ್ನು ನಿಧಾನವಾಗಿ ಅಗಿಯುತ್ತಿತ್ತು. ಅವನು ಕಣ್ಣು ಬಿಟ್ಟು ಮೇಲೆ ಬಾಗಿದ್ದ ಹೆಲ್ಗಾಳ ಮುಖ ನೋಡಿ ಮತ್ತೆ ಕಣ್ಣು ಮುಚ್ಚಿದ.

"ಎದ್ದೇಳು ಎಲ್ಡನ್," ಅಂದಳು ಹೆಲ್ಗಾ, ಬಸ್ಸಿನ ಧ್ವನಿಯಲ್ಲಿ. "ಕುರ್ಚಿ ಹೋಯ್ತು. ರಾತ್ರಿ ಓಡಿಬಂದು ಮನೇಲಿ ಹಾಸಿಗೇಲಿ ಮಲಗಿದ್ಯಾ?"

ಮಾವ ಎದ್ದು ಕೂತ. ಅವನ ಕೆನ್ನೆಯ ಮೇಲೆ ಓಟ್ಸ್ ಕಾಳಿನ ಅಚ್ಚು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಸುಳ್ಳು ಹೊಳೆಯಲಿಲ್ಲ. ನನಗೇ ಅಳು ಬಂತು.

"ಹಾಸಿಗೇಲಾ?" ಅಂದಳು ಅತ್ತೆ. "ಯಾರು ಬಿಟ್ಟವರು? ರಾತ್ರಿ ಬಂದು ಬಾಗಿಲು ತಟ್ಟಿದ. ನೆಲದಲ್ಲಿ ಕಲ್ಲು ಚುಚ್ಚುತ್ತೆ ವರ್ನಾ, ಬಾಗಿಲು ತೆಗಿ ಅಂದ. ನನ್ನ ಗಂಡ ನೂರು ಮೈಲಿ ಆಚೆ ಕರಡಿಗಳ ಮಧ್ಯೆ ಮಲಗಿದಾನೆ, ನೀನ್ಯಾರೋ ಕಳ್ಳ ಅಂದೆ. ಎಷ್ಟು ಬೇಡಿಕೊಂಡ್ರೂ ತೆಗೀಲಿಲ್ಲ. ಹಿಂದೇನೇ ಈ ಕುದುರೆನೂ ಬಂತು, ಇಲ್ಲೇ ಬಿದ್ಕೊಂಡ್ರು ಇಬ್ರೂ."

ಹೆಲ್ಗಾ ಯೋಚಿಸಿದಳು. "ಬರೀ ನೆಲದ ಮೇಲೆ?"

"ನೆಲ ಕಾಣ್ತಿಲ್ವಾ?"

"ಕುದುರೆ ಪಕ್ಕದಲ್ಲಿ?"

ಎಲ್ಲರೂ ಮೇಬಲ್ ಕಡೆ ನೋಡಿದರು. ಮೇಬಲ್ ಬಾಲ ಬೀಸಿತು.

"ಒಂದು ನಿಮಿಷ," ಅಂದ ಓರಿನ್. ಅವನಿಗೆ ಅಪರೂಪಕ್ಕೆ ಇಡೀ ಮಾತು ಕೇಳಿಸಿತ್ತು. "ಹಂಗಂದ್ರೆ ನಿಯಮದ ಪ್ರಕಾರ ಮಲಗಿದೋನು ಎಲ್ಡನ್ ಒಬ್ನೇ. ನಮ್ಮ ಪ್ರಾಣಿಗಳೆಲ್ಲ ಇಲ್ಲಿದ್ವು. ಡಾಕ್ಟ್ರು ಗಾಳಿ ತುಂಬಿದ ಹಾಸಿಗೇಲಿ ಮಲಗಿದ್ರು. ಮತ್ತೆ ಹೆಲ್ಗಾ, ನಿನ್ನ ಗುಡಾರದಲ್ಲಿ ಆ ಮಡಿಸೋ ಮಂಚ..."

"ಕೂತ್ಕೊಳ್ಳೋ ಓರಿನ್!" ಅಂದಳು ಹೆಲ್ಗಾ. ಓರಿನ್ ಕೂತ. ಅಭ್ಯಾಸಬಲದಿಂದ ನಾನೂ ಕೂತೆ. "ವಿಚಾರಣೆ ಮುಗೀತು. ಕುರ್ಚಿಗಳು ಇದ್ದ ಹಾಗೇ ಇರ್ತವೆ."

"ಊರಿಗೆ ಗೊತ್ತಾದ್ರೆ?" ಅಂದರು ಡಾಕ್ಟರು, ಕಣ್ಣಲ್ಲಿ ಒಂದು ಥರದ ಹೊಳಪಿತ್ತು.

ಆಗ ಅತ್ತೆ ಬಾಣಲೆ ಕೆಳಗಿಟ್ಟಳು. "ಗುಡಾರ ಎಲ್ಲಿ ಹಾಕಿದ್ವಿ ಅಂತ ಹೇಳಿದ್ರೆ, ಹಣ್ಣಿನ ಜಾಗ ಹೇಳಿದ ಹಾಗೆ. ಆಣೆ ಮಾಡಿದೀರಿ ಡಾಕ್ಟ್ರೇ. ಎರಡು ಕೈ ಎತ್ತಿ ಮಾಡಿದೀರಂತೆ."

ಹೀಗೆ ಅಜ್ಜಿ ಸತ್ತ ಮೇಲೂ ಮಗನ ಮಾನ ಉಳಿಸಿದಳು. ಎಲ್ಲರೂ ಹಿತ್ತಲಲ್ಲಿ ಕೂತು ಪ್ಯಾನ್‌ಕೇಕ್ ತಿಂದರು. ಹೆಲ್ಗಾಳಿಗೆ ಅತ್ತೆ ತನ್ನ ಲಂಗ ಕೊಟ್ಟಳು. ತಿಂದಾದ ಮೇಲೆ ಗುಡ್ಡ ಹತ್ತಿ, ಗುಡಾರ ಕಿತ್ತು, ಕಾಡುಹಾದಿ ಹಿಡಿದು, ಹೊಳೆ ದಾಟಿ, ಬೆಟ್ಟಸಾಲು ಸುತ್ತಿ ಎಲ್ಲರೂ ಊರಿಗೆ ಮರಳಿದರು. ಟ್ರೇಲರ್‌ಗಳು ಧೂಳಾಗಿ ಬರದಿದ್ದರೆ ಜನ ಏನೆಂದಾರು?

ಕೆಫೆಯಲ್ಲಿ ಈಗ ನಾಲ್ಕು ಕುರ್ಚಿ. ದಿನವಿಡೀ ಊರಿನವರ ಬಾಯಿ ತೆಗೆಸುವ ಡಾಕ್ಟರ ಬಾಯಿ ಮುಚ್ಚಿಸಲು ಬೇರೆ ದಾರಿ ಇರಲಿಲ್ಲ. ಅಡುಗೆಮನೆಯ ಬಾಗಿಲು ಅರ್ಧವೇ ತೆರೆಯುತ್ತದೆ. ನಾನು ಕಾಫಿ ಹಿಡಿದು ಓರೆಯಾಗಿ ನುಸುಳುತ್ತೇನೆ. ಈ ಬೇಸಿಗೆಯಲ್ಲೂ ಎಲ್ಲಿಗೆ ಹೋಗುವುದೆಂದು ಗಂಭೀರ ಚರ್ಚೆ ನಡೆಯಿತು. ಗ್ರಿಮ್ಸ್ ಕಣಿವೆ ಬಂತು, ಬೋಳುಗುಡ್ಡ ಬಂತು, ಗರಗಸದ ದಿಣ್ಣೆ ಬಂತು. ಕೊನೆಗೆ ನಾಲ್ವರೂ ಒಮ್ಮತದಿಂದ ಹಕಲ್‌ಬೆರಿ ಬಟ್ಟಲು ಆರಿಸಿದರು. ದಾರಿ ಯಾವುದು ಅಂತ ಯಾರೂ ಕೇಳಲಿಲ್ಲ. ನೀವು ಕೇಳಿದರೆ ನಾನು ಹೇಳಬಲ್ಲೆ: ಹೆದ್ದಾರಿ ಹಿಡಿದು ಇಡೀ ಬೆಟ್ಟಸಾಲು ಸುತ್ತಿ, ಎರಡು ಹೊಳೆ ದಾಟಿ, ಕಲ್ಲುರಸ್ತೆಯಲ್ಲಿ ಹೋಗಿ.

ಹೊರಡುವ ಹಿಂದಿನ ದಿನ ಮಾವ ಕಂಬಳಿ ಮಡಿಸುತ್ತ ಮೆಲ್ಲಗೆ ಕೇಳಿದ: "ವರ್ನಾ, ಈ ಸಲ ಬಾಗಿಲು ತೆಗೀತೀಯಾ?"

ಅತ್ತೆ ಚಪ್ಪಲಿಗಳೆರಡನ್ನೂ ನಾಯಿಗೆ ಸಿಗದ ಹಾಗೆ ಅಟ್ಟದ ಮೇಲಿಡುತ್ತಿದ್ದಳು. ತಿರುಗಿ ನೋಡದೆ ಹೇಳಿದಳು:

"ನೂರು ಮೈಲಿ ಆಚೆ ಇರೋನಿಗೆ ಇಲ್ಲಿಂದ ಹೇಗೆ ತೆಗೀಲಿ?"